ಮೂರು ಟ್ಯೂಬಿನ ಪರೀಕ್ಷೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಇಪ್ಪತ್ತೆರಡು ವರ್ಷ ಕಾರವಾರದ ಒಂದೇ ಆಸ್ಪತ್ರೆಯ ಒಂದೇ ಲ್ಯಾಬಿನಲ್ಲಿ ಬೇರೆಯವರ ರಕ್ತ, ಮೂತ್ರ, ಕಫ ನೋಡುತ್ತ ನಿಂತವಳಿಗೆ ಸ್ವಂತದ್ದು ಅಂತ ಸಿಟ್ಟಾದರೂ ಇರಬೇಡವೇ? ಆದರೆ ಆ ವಾರ ಬಂದದ್ದು ದಿನನಿತ್ಯದ ಸಿಟ್ಟಲ್ಲ. ಅದು ಮೊದಲು ಆಡಳಿತಾಧಿಕಾರಿಯ ಮೇಲೆ ಬಂತು, ಆಮೇಲೆ ಡಾಕ್ಟರುಗಳ ಮೇಲೆ ಹೋಯಿತು. ಕೊನೆಗೆ ಎಲ್ಲಿಗೆ ಬಂದು ನಿಂತಿತು ಎಂಬುದನ್ನು ಬರೆದಿಡೋಣ ಎಂದು ಕೂತಿದ್ದೇನೆ.

ಬುಧವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಕಾಗದ ಇತ್ತು. ತೀರ ಅಪರೂಪಕ್ಕೆ ಕೇಳುವ ಪರೀಕ್ಷೆಗಳ ಪಟ್ಟಿ. ಒಟ್ಟು ಒಂಬತ್ತು ಹೆಸರು. ಪ್ರತಿ ಹೆಸರಿನ ಮುಂದೆ 'ಮುಂದುವರಿಸಬೇಕು', 'ನಿಲ್ಲಿಸಬಹುದು' ಎಂಬ ಎರಡು ಚೌಕ, ಅದರಾಚೆ 'ಕಾರಣ' ಎಂದು ಕಿರುಬೆರಳಿನಷ್ಟು ಜಾಗ. ಹೊಸ ಯಂತ್ರ ಬರುವುದಿತ್ತು. ಅದನ್ನು ಇಡಲು ಜಾಗ ಬೇಕಿತ್ತು, ಆದ್ದರಿಂದ ಒಂದು ಕಪಾಟು ಮತ್ತು ಟ್ಯೂಬುಗಳನ್ನು ಬಿಸಿನೀರಿನಲ್ಲಿಡುವ ಹಳೆಯ ವಾಟರ್ ಬಾತ್ ಹೊರಗೆ ಹೋಗಬೇಕಿತ್ತು. ಸೋಮವಾರ ಸಂಜೆಯೊಳಗೆ ತುಂಬಿ ಕೊಡಿ ಎಂದು ಕೆಳಗೆ ಬರೆದಿತ್ತು.

ಎಂಟು ಪರೀಕ್ಷೆಗಳನ್ನು ನಾನು ಐದೇ ನಿಮಿಷದಲ್ಲಿ ನಿಲ್ಲಿಸಿದೆ. ಹಳೆಯದೆಲ್ಲ ಚೆಂದ ಎಂದು ಅಪ್ಪಿಕೊಂಡು ಅಳುವ ಪೈಕಿ ನಾನಲ್ಲ. ಒಂಬತ್ತನೆಯದರ ಹತ್ತಿರ ಬಂದಾಗ ಮಾತ್ರ ಪೆನ್ನು ನಿಂತಿತು. ಅದು ನಮ್ಮ ಮೂರು ಟ್ಯೂಬಿನ ಪರೀಕ್ಷೆ.

ಅದೇನು ಎಂದು ಹೇಳಿಬಿಡುತ್ತೇನೆ. ಕೆಲವರ ರಕ್ತದ ಕೆಂಪು ಕಣಗಳಲ್ಲಿ ಜಿ-ಸಿಕ್ಸ್-ಪಿಡಿ ಎಂಬ ಒಂದು ಕಿಣ್ವ ಕಡಿಮೆ ಇರುತ್ತದೆ. ತಾಯಿಯಿಂದ ಬರುವಂಥದ್ದು, ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುವಂಥದ್ದು. ಅದು ಕಡಿಮೆ ಇದ್ದವರು ಉಳಿದ ದಿನಗಳಲ್ಲಿ ಎಲ್ಲರ ಹಾಗೆಯೇ ಇರುತ್ತಾರೆ, ಬೋಟಿಗೆ ಹೋಗುತ್ತಾರೆ, ಗದ್ದೆ ನಟ್ಟಿ ಮಾಡುತ್ತಾರೆ. ಆದರೆ ಮಲೇರಿಯಾದ ಒಂದು ಮಾತ್ರೆ, ಇನ್ನೂ ಕೆಲವು ಔಷಧಿ, ಮತ್ತೆ ಬಟ್ಟೆಗೆ ಹುಳ ಹತ್ತದಿರಲಿ ಎಂದು ಟ್ರಂಕಿನಲ್ಲಿ ಹಾಕುವ ಬಿಳಿಯ ಡಾಂಬರು ಗುಳಿಗೆಯ ಗಾಳಿ, ಇವುಗಳಲ್ಲಿ ಒಂದು ತಾಗಿದರೂ ಆ ಕಣಗಳು ಒಡೆಯುತ್ತವೆ. ದೊಡ್ಡವರು ಹೇಗೋ ಚೇತರಿಸಿಕೊಳ್ಳುತ್ತಾರೆ. ಹಸುಗೂಸಾದರೆ ಮೈಯೆಲ್ಲ ಹಳದಿಯಾಗಿ, ಆ ಹಳದಿ ಮೆದುಳಿಗೆ ಏರಿ, ಕೈ ಮೀರಿ ಹೋಗುತ್ತದೆ.

ಪರೀಕ್ಷೆ ಬಹಳ ಹಳೆಯ ಕಾಲದ್ದು. ಒಂದು ಟ್ಯೂಬಿನಲ್ಲಿ ಬರೀ ರಕ್ತ. ಅದು ಕೆಂಪಗೇ ಉಳಿಯುತ್ತದೆ. ಎರಡನೆಯದರಲ್ಲಿ ರಕ್ತದ ಬಣ್ಣವನ್ನು ಬೇಕೆಂದೇ ಕೆಡಿಸುವ ಔಷಧ. ಅದು ಕಂದಾಗುತ್ತದೆ. ಮೂರನೆಯದರಲ್ಲಿ ಕೆಡಿಸುವ ಔಷಧದ ಜೊತೆ ಒಂದಿಷ್ಟು ನೀಲಿ ಬಣ್ಣ. ಮೂರು ಗಂಟೆ ಮೈಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿಟ್ಟು ತೆಗೆದು, ನೀರು ಬೆರೆಸಿ ನೋಡಿದರೆ, ಕಿಣ್ವ ಸರಿಯಿದ್ದವರ ಮೂರನೇ ಟ್ಯೂಬು ಕೋಕಂ ಶರಬತ್ತಿನ ಹಾಗೆ ಕೆಂಪಾಗಿರುತ್ತದೆ. ಇಲ್ಲದವರದು ಬೆಲ್ಲದ ಕಪ್ಪು ಚಹಾದ ಬಣ್ಣಕ್ಕೆ ತಿರುಗಿ ಹಾಗೇ ನಿಲ್ಲುತ್ತದೆ. ಯಂತ್ರ ಬೇಡ, ಕಣ್ಣು ಸಾಕು.

ಇದನ್ನು ಯಾರೂ ಕೇಳುವುದಿಲ್ಲ ಎಂಬುದು ನಿಜ. ಯಾಕೆ ಕೇಳುವುದಿಲ್ಲ? ಕೆಲವು ವರ್ಷಗಳ ಹಿಂದೆ ಹೊಸ ಫಾರ್ಮು ಮುದ್ರಿಸುವಾಗ ಜಾಗ ಸಾಲಲಿಲ್ಲವೆಂದು ಈ ಹೆಸರನ್ನು ಕಿತ್ತುಹಾಕಿದರು. ಬೇಕಾದ ಡಾಕ್ಟರು ಕೆಳಗೆ 'ಇತರೆ' ಎಂಬಲ್ಲಿ ಕೈಯಿಂದ ಬರೆಯಬೇಕು. ಹೋಟೆಲಿನ ಫಲಕದಲ್ಲಿ ಬರೆಯದ ತಿಂಡಿಯನ್ನು ಯಾರಾದರೂ ಕೇಳುತ್ತಾರೆಯೇ? ಫಾರ್ಮಿನಿಂದ ಕಿತ್ತವರೇ ಈಗ ಬಂದು, ಯಾರೂ ಕೇಳುವುದಿಲ್ಲ ನೋಡಿ ಎನ್ನುತ್ತಾರೆ. ನನ್ನ ಪಿತ್ತ ನೆತ್ತಿಗೇರಿತು. ಪಟ್ಟಿ ಹಿಡಿದುಕೊಂಡು ಸೀದಾ ಆಡಳಿತಾಧಿಕಾರಿಯ ಕೋಣೆಗೆ ಹೋದೆ.

ಅವರು ಹುಬ್ಬಳ್ಳಿ ಕಡೆಯವರು, ಬಂದು ಒಂದು ವರ್ಷವಾಗಿರಲಿಲ್ಲ. ಮೆತ್ತಗಿನ ಮನುಷ್ಯ. ಬೈಯಲು ಹೋದವರಿಗೂ ಕುರ್ಚಿ ಎಳೆದು ಕೊಡುತ್ತಾರೆ, ಅದೊಂದು ಕಷ್ಟ. ನನ್ನ ಮಾತೆಲ್ಲ ಮುಗಿಯುವ ತನಕ ಕಾದು, "ಸಿಟ್ಟ ಮಾಡ್ಕೋಬ್ಯಾಡ್ರಿ ಮೇಡಂ. ಹಳೇ ರಿಜಿಸ್ಟರ್ ಎಲ್ಲಾ ತಗಸಿ ನೋಡೇನಿ. ಇಷ್ಟ ವರ್ಷದಾಗ ಮಾಡಿದ್ದ ಬೆರಳೆಣಿಕಿಯಷ್ಟು. ಮಾಡಿದ್ದೆಲ್ಲಾ ನಾರ್ಮಲ್. ಒಂದ್ರ ಸಿಕ್ಕಿದ್ರ ನಾನ ಇಡ್ರಿ ಅಂತಿದ್ದೆ" ಎಂದರು.

"ಇಲ್ಲ ಅಂತ ಗೊತ್ತಾಗೂಕಾದ್ರೂ ಪರೀಕ್ಷೆ ಬೇಕಲ್ಲ ಸರ್?"

"ಇಲ್ಲ ಅಂತ ಗೊತ್ತಾತಲ್ರೀ. ಇನ್ನೂ ಎಷ್ಟ ಸಲ ಗೊತ್ತಾಗಬೇಕು?"

ಉತ್ತರ ಇಲ್ಲದಾಗ ಬರುವ ಸಿಟ್ಟಿದೆಯಲ್ಲ, ಅದರಷ್ಟು ಕೆಟ್ಟದ್ದು ಬೇರೆ ಯಾವುದೂ ಇಲ್ಲ. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಮಾಡಿದವಳು ನಾನೇ. ಪ್ರತಿ ಸಲವೂ ಮೂರನೇ ಟ್ಯೂಬು ಕೆಂಪಗೆ ಬಂದಿತ್ತು, ಪ್ರತಿ ಸಲವೂ 'ದೋಷ ಇಲ್ಲ' ಎಂದು ಬರೆದು ಸಹಿ ಹಾಕಿದ್ದೆ. ಆ ಕೆಂಪನ್ನು ನೋಡಿ ನನ್ನ ಕೈಗುಣ ಎಂದು ಒಳಗೊಳಗೇ ಬೀಗಿಯೂ ಇದ್ದೆ. ಮರುದಿನವೂ ಯೋಚಿಸಿದೆ, ಅದರ ಮರುದಿನವೂ ಯೋಚಿಸಿದೆ. ಶುಕ್ರವಾರ ಸಂಜೆ, ಹಾಳಾಗಿ ಹೋಗಲಿ ಎಂದು 'ನಿಲ್ಲಿಸಬಹುದು' ಚೌಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ. ಪೆನ್ನಿನಿಂದ ಹಾಕಲು ಯಾಕೋ ಮನಸ್ಸು ಬರಲಿಲ್ಲ.

ಶನಿವಾರ ಬೆಳಿಗ್ಗೆ ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ನನಗೆ ಗುರುತಿದ್ದ ಒಬ್ಬ ಅಜ್ಜಿ ಕೂತಿದ್ದಳು. ಅಂಕೋಲೆಯ ಕೇಣಿಯವಳು. ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುವವಳು. ಎರಡು ವರ್ಷಗಳ ಹಿಂದೆ ಅವಳ ಮಗಳ ಮೊದಲ ಹೆರಿಗೆ ನಮ್ಮಲ್ಲೇ ಆಗಿತ್ತು. ಗಂಡುಕೂಸು. ಐದನೇ ದಿನ ಮನೆಗೆ ಹೋಗಿ, ಎಂಟನೇ ದಿನ ಅರಿಶಿನ ಹಚ್ಚಿದಂತೆ ಹಳದಿಯಾಗಿ ತಿರುಗಿ ಬಂತು. ಬೇರೆಯವರ ರಕ್ತ ಕೊಟ್ಟರು, ಗೋವೆಗೆ ಕಳಿಸಿದರು. ಅಲ್ಲಿ ತೀರಿಕೊಂಡಿತು. ಈಗ ಎರಡನೆಯದು ಹುಟ್ಟಿ ಮೂರು ದಿನವಾಗಿತ್ತು. ಅದೂ ಗಂಡು.

ಬಿಳಿ ಕೋಟು ಹಾಕಿದ ಹೆಂಗಸರನ್ನೆಲ್ಲ ಅವಳು ಶಾಲೆಯ ಟೀಚರನ್ನು ಕರೆದಂತೆ ಅಕ್ಕೋರೆ ಎಂದೇ ಕರೆಯುವುದು. ನನ್ನನ್ನು ಕಂಡವಳೇ ಎದ್ದು ನಿಂತಳು.

"ಅಕ್ಕೋರೆ, ಇಂದೇ ಮನಿಗೆ ಕಳಸ್ತ್ರಂತೆ. ಪೋರ ಚಲೋ ಇದ್ದ. ನೋಡಿದ್ರಿ ಅಲ್ದಾ? ಹಾಲೂ ಕುಡಿತ."

ಹೇಳುತ್ತಲೇ ತೊಡೆಯ ಮೇಲಿದ್ದ ಗಂಟನ್ನು ಬಿಚ್ಚಿ ತೋರಿಸಿದಳು. ನಮ್ಮ ಕಡೆ ಹನ್ನೆರಡು ದಿನ ತುಂಬಿ ಹೆಸರಿಡುವ ತನಕ ಕೂಸಿಗೆ ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ಮನೆಯ ಹಿರಿಯ ಹೆಂಗಸು ಉಟ್ಟು ಉಟ್ಟು ಮೆತ್ತಗಾದ ಸೀರೆಯನ್ನು ಹರಿದು ಅದರಲ್ಲಿ ಸುತ್ತುತ್ತಾರೆ. ವಾರ್ಡಿನಲ್ಲಿ ಇರುವಷ್ಟು ದಿನ ಆಸ್ಪತ್ರೆಯ ಬಟ್ಟೆ, ಬಾಗಿಲು ದಾಟಿದ ಮೇಲೆ ಅಜ್ಜಿಯ ಸೀರೆ. ಗಂಟು ಬಿಚ್ಚಿದ್ದೇ ತಡ, ವಾಸನೆ ನನ್ನ ಮೂಗಿಗೆ ಬಡಿಯಿತು.

"ಇದು ಎಂತ ಹಾಕಿ ಇಟ್ಟಿದ್ರಿ?"

"ಡಾಂಬರ್ ಗೋಳಿ. ಮತ್ತೆಂತ ಹಾಕೂದು? ಆ ಮೊದಲ್ನ ಪೋರನಿಗೆ ಸುತ್ತಿದ್ದು ಅವನ ಸಂಗಡೇ ಹೋಯ್ತು. ಇದು ಬೇರೆ ಸೀರೆ, ಅದೇ ಟ್ರಂಕಿಂದು. ಮುಷ್ಟಿ ತುಂಬ ಗೋಳಿ ಹಾಕಿದ್ದೆ. ಒಂದು ಹುಳ ಹತ್ತೂಕೆ ಬಿಡ್ಲಿಲ್ಲ ನಾನು."

ಗಂಟನ್ನು ಅವಳ ಕೈಯಿಂದ ಕಿತ್ತುಕೊಂಡೆ. "ಇದನ್ನ ಒಳಗೆ ತಕಂಡು ಹೋಗ್ಬೇಡಿ! ಕೂಸಿನ ಹತ್ರ ತರಲೇಬೇಡಿ!" ಎಂದು ಇಡೀ ವರಾಂಡ ಕೇಳುವಂತೆ ಕೂಗಿದೆ. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಅಜ್ಜಿಯ ಮುಖ ಬಿಗಿಯಾಯಿತು. "ಮೀನಿನ ವಾಸ್ನೆ ಬತ್ತದೆ ಅಂತ ಹೇಳ್ತ್ರಿ ಅಲ್ದಾ? ಮೂರು ಸಲ ತೊಳ್ದು ತಂದದ್ದು ನಾನು."

ಅವಳ ಬದುಕಿನಲ್ಲಿ ಎಷ್ಟು ಮನೆಯ ಜಗಲಿಯ ಮೇಲೆ, ಎಷ್ಟು ಬಸ್ಸಿನಲ್ಲಿ ಈ ಮಾತು ಕೇಳಿರಬೇಕೋ. ನಾನು ಕೂಗಿದ ರೀತಿಗೆ ಅವಳಿಗೆ ಬೇರೆ ಅರ್ಥ ಹೊಳೆಯುವ ಹಾಗೇ ಇರಲಿಲ್ಲ. ಮೀನಿನ ವಾಸನೆ ಅಲ್ಲ, ಆ ಗುಳಿಗೆಯದು, ಕೂಸಿಗೆ ಆಗದೇ ಇರಬಹುದು, ರಕ್ತ ನೋಡಿ ಹೇಳುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಅವಳು ನಂಬಲಿಲ್ಲ. ಗಂಟನ್ನು ತಿರುಗಿ ಕೇಳಿದಳು, ಅದನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟು ಅದರ ಪಕ್ಕದಲ್ಲೇ ಕೂತಳು.

ಲ್ಯಾಬಿಗೆ ಬಂದು ಎರಡು ವರ್ಷದ ಹಿಂದಿನ ರಿಜಿಸ್ಟರು ತೆಗೆದೆ. ಮೊದಲ ಕೂಸಿಗೂ ಈ ಪರೀಕ್ಷೆ ಮಾಡಿದ ನೆನಪು ನನಗಿತ್ತು. ಇತ್ತು, ನನ್ನದೇ ಅಕ್ಷರ: ದೋಷ ಇಲ್ಲ. ಆಗ ಇದ್ದ ಮಕ್ಕಳ ಡಾಕ್ಟರು, ಈಗ ಬೇರೆ ಊರಿಗೆ ಹೋಗಿದ್ದಾರೆ, 'ಇತರೆ' ಎಂಬಲ್ಲಿ ಕೈಯಿಂದ ಬರೆದು ಕಳಿಸಿದ್ದರು. ರಕ್ತ ತೆಗೆದದ್ದು ಬೆಳಿಗ್ಗೆ. ರಕ್ತನಿಧಿಯ ರಿಜಿಸ್ಟರು ತರಿಸಿ ಪಕ್ಕದಲ್ಲಿಟ್ಟು ನೋಡಿದೆ. ಕೂಸಿಗೆ ಬೇರೆಯವರ ರಕ್ತ ಏರಿಸಿದ್ದು ಹಿಂದಿನ ಸಂಜೆ.

ಅಂದರೆ ನಾನು ಪರೀಕ್ಷೆ ಮಾಡಿದ್ದು ಆ ಕೂಸಿನ ರಕ್ತವನ್ನೇ ಅಲ್ಲ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ರಕ್ತವನ್ನು. ಅದು ಕೆಂಪಾಗದೆ ಇನ್ನೇನು ಆಗುತ್ತದೆ?

ಉಳಿದವನ್ನೂ ತೆಗೆದು ನೋಡಿದೆ. ಬೈತಖೋಲ ಬಂದರಿನ ಬೋಟಿನಲ್ಲಿ ದುಡಿಯುವ ಒಬ್ಬ, ಮಲೇರಿಯಾ ಮಾತ್ರೆ ತಿಂದು ಮೂತ್ರ ಕಪ್ಪಾದ ಮೇಲೆ ಬಂದಿದ್ದ. ಇನ್ನೊಬ್ಬನಿಗೆ ಜ್ವರ ಇಳಿದು ವಾರವಾದ ಮೇಲೆ ಪರೀಕ್ಷೆ ಬರೆದಿದ್ದರು. ಎಲ್ಲರದೂ ಹೀಗೇ. ಒಡೆಯಬೇಕಾದ ಹಳೆಯ ಕಣಗಳೆಲ್ಲ ಒಡೆದುಹೋಗಿ, ಹೊಸದಾಗಿ ಹುಟ್ಟಿದವು ಮಾತ್ರ ಉಳಿದಿರುವಾಗ ಪರೀಕ್ಷೆ ಮಾಡಿದರೆ ಫಲ ಸರಿಯಿದ್ದಂತೆಯೇ ಕಾಣುತ್ತದೆ. ಇದನ್ನು ಮಾತ್ರೆ ಕೊಡುವ ಮೊದಲು, ರಕ್ತ ಏರಿಸುವ ಮೊದಲು ಮಾಡಬೇಕು. ಇದು ಪುಸ್ತಕದಲ್ಲಿದೆ. ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಮನೆ ಸುಟ್ಟ ಮೇಲೆ ಬೂದಿಯನ್ನು ಮುಟ್ಟಿ, ತಣ್ಣಗಿದೆ, ಬೆಂಕಿ ಇರಲಿಲ್ಲ ಎಂದು ಬರೆದುಕೊಡುವ ಕೆಲಸವನ್ನು ಇಷ್ಟು ವರ್ಷ ಮಾಡಿದ್ದೆ. ತಡವಾಗಿ ಕೇಳಿದ ಡಾಕ್ಟರುಗಳ ಮೇಲೆ ಮೈಯೆಲ್ಲ ಉರಿಯಿತು. ಅವರು ಕೇಳುವವರು, ಅವರಿಗೆ ಮರೆತಿರಬಹುದು. ನಾನು? ರಕ್ತ ಯಾವಾಗ ಕೊಟ್ಟಿರಿ ಎಂದು ಒಂದು ಫೋನು ಮಾಡಿ ಕೇಳಲು ನನ್ನ ಕೈಗೆ ಏನಾಗಿತ್ತು?

ಈಗಿನ ಮಕ್ಕಳ ಡಾಕ್ಟರು ನನ್ನ ಮಗಳ ವಯಸ್ಸಿನವಳು, ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿ. ಡಿಸ್ಚಾರ್ಜು ಕಾಗದಕ್ಕೆ ಸಹಿ ಹಾಕುತ್ತಿದ್ದಳು. ಕೂಸಿಗೆ ಈ ಪರೀಕ್ಷೆ ಬರೆದುಕೊಡಿ, ಈಗಲೇ ಬೇಕು ಎಂದೆ. ಅವಳು ಹಳೆಯ ಕಡತ ತಿರುವಿದಳು.

"ಅಣ್ಣನದ್ದು ನಾರ್ಮಲ್ ಬಂದಿತ್ತಲ್ಲ ಮೇಡಂ? ನೀವೇ ಮಾಡಿದ್ದು."

"ನಾನೇ ಮಾಡಿದ್ದು. ಅದು ಸುಳ್ಳು. ಬರೀರಿ."

ಅವಳು ಡಿಸ್ಚಾರ್ಜು ನಿಲ್ಲಿಸಿ, 'ಇತರೆ' ಎಂಬಲ್ಲಿ ಪರೀಕ್ಷೆಯ ಹೆಸರು ಬರೆದುಕೊಟ್ಟಳು. ಕೂಸಿನಿಂದ ತೆಗೆಯಬಹುದಾದ ರಕ್ತ ಸ್ವಲ್ಪವೇ. ಔಷಧಗಳ ಅಳತೆಯನ್ನೆಲ್ಲ ಅದಕ್ಕೆ ತಕ್ಕಂತೆ ಕಡಿಮೆ ಮಾಡಿ, ಮೂರು ಪುಟ್ಟ ಟ್ಯೂಬುಗಳನ್ನು ವಾಟರ್ ಬಾತಿಗೆ ಇಳಿಸಿದಾಗ ಹನ್ನೊಂದು ಗಂಟೆ. ಹೊಸ ಯಂತ್ರಕ್ಕಾಗಿ ಅದೇ ವಾಟರ್ ಬಾತಿನ ಮೇಲೆ ಯಾರೋ ಆಗಲೇ 'ಹೊರಗೆ ಹಾಕಬೇಕಾದದ್ದು' ಎಂಬ ಚೀಟಿ ಅಂಟಿಸಿಟ್ಟಿದ್ದರು. ಚೀಟಿಯನ್ನು ಹರಿದು ಬಿಸಾಡಿದೆ.

ಮೂರು ಗಂಟೆ ಸುಮ್ಮನೆ ಕೂರಲು ನನ್ನಿಂದಾಗದು. ಫಲ ಏನೇ ಬರಲಿ, ಆ ಗಂಟನ್ನಂತೂ ಒಳಗೆ ಬಿಡುವಂತಿಲ್ಲ. ಆಸ್ಪತ್ರೆಯ ಬಟ್ಟೆಯಲ್ಲಿ ಕೂಸನ್ನು ಮನೆಗೆ ಒಯ್ಯಲು ಅಜ್ಜಿ ಒಪ್ಪಲಿಕ್ಕಿಲ್ಲ. ಹಾಗಾದರೆ ಒಂದು ಹಳೆಯ ಮೆತ್ತನೆಯ ಸೀರೆ ನಾನೇ ತಂದುಕೊಡುತ್ತೇನೆ ಎಂದು, ಟ್ಯೂಬುಗಳ ಮೇಲೆ ಕಣ್ಣಿಡಲು ಜೊತೆಯವಳಿಗೆ ಹೇಳಿ, ಸ್ಕೂಟರು ಹತ್ತಿ ಕಾಳಿ ಸೇತುವೆ ದಾಟಿ ಚಿತ್ತಾಕುಲದ ಮನೆಗೆ ಹೋದೆ. ನನ್ನ ತಾಯಿ ಉಟ್ಟ ಎರಡು ಹತ್ತಿ ಸೀರೆಗಳನ್ನು ಅವರು ಹೋದ ಮೇಲೂ ನಾನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದೆ. ಕಪಾಟಿನ ಬಾಗಿಲು ತೆಗೆದೆ.

ಅದೇ ವಾಸನೆ.

ಸೀರೆ ಎಳೆದಾಗ ಮಡಿಕೆಯೊಳಗಿಂದ ಒಂದು ಬಿಳಿಯ ಗುಳಿಗೆ ಉರುಳಿ ಕಾಲಬಳಿ ಬಿತ್ತು. ಅದರ ಹಿಂದೆ ಇನ್ನೊಂದು. ಇಪ್ಪತ್ತೆರಡು ವರ್ಷ ಈ ಪರೀಕ್ಷೆ ಮಾಡಿದವಳು, ಕಲಿಯಲು ಬಂದ ಹುಡುಗಿಯರಿಗೆ ಈ ದೋಷ ಇದ್ದವರಿಗೆ ತಾಗಬಾರದ ವಸ್ತುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದವಳು, ವರ್ಷಕ್ಕೊಮ್ಮೆ ನಾನೇ ಅಂಗಡಿಯಿಂದ ತಂದು ನನ್ನ ಕಪಾಟಿಗೆ ಹಾಕಿದ್ದು. ನಮ್ಮ ಕರಾವಳಿಯ ಥಂಡಿಗೆ ಹಾಕದ ಮನೆ ಯಾವುದು? ನನ್ನ ಮಕ್ಕಳನ್ನೂ ಇಂಥ ಸೀರೆಯಲ್ಲೇ ಸುತ್ತಿದ್ದು. ಅವರಿಗೆ ಏನೂ ಆಗಲಿಲ್ಲ, ಅಷ್ಟೇ. ಆ ಅಜ್ಜಿಗೂ ನನಗೂ ಇದ್ದ ವ್ಯತ್ಯಾಸ ಅದೊಂದೇ. ಕಪಾಟಿನ ಬಾಗಿಲನ್ನು ಎಷ್ಟು ಜೋರಾಗಿ ಬಡಿದೆನೆಂದರೆ ಹಿತ್ತಲಲ್ಲಿದ್ದ ನನ್ನ ಗಂಡ ಓಡಿ ಬಂದರು.

ಕೊನೆಗೆ ಹಗ್ಗದ ಮೇಲೆ ಒಣಗುತ್ತಿದ್ದ ಅವರ ಲುಂಗಿಯನ್ನೇ ಎಳೆದುಕೊಂಡೆ. ವರ್ಷಗಟ್ಟಲೆ ಉಟ್ಟು ಬಣ್ಣ ಹೋಗಿ ಬೆಣ್ಣೆಯಂತಾಗಿತ್ತು. ಅದು ಯಾವತ್ತೂ ಕಪಾಟು ಕಂಡದ್ದಲ್ಲ. ಹಗ್ಗದಿಂದ ಸೊಂಟಕ್ಕೆ, ಸೊಂಟದಿಂದ ಹಗ್ಗಕ್ಕೆ. ಅದನ್ನು ಎಲ್ಲಿಗೆ ಒಯ್ಯುತ್ತೀ ಎಂದು ಅವರು ಕೊಂಕಣಿಯಲ್ಲಿ ಕೇಳಿದರು. ಒಂದು ಕೂಸಿಗೆ ಎಂದೆ. ಮುಂದೆ ಕೇಳಲಿಲ್ಲ. ನನ್ನ ಮುಖ ನೋಡಿ ಸುಮ್ಮನಾಗುವುದನ್ನು ಅವರು ಮದುವೆಯಾದ ಹೊಸತರಲ್ಲೇ ಕಲಿತಿದ್ದಾರೆ.

ಎರಡು ಗಂಟೆಗೆ ಟ್ಯೂಬುಗಳನ್ನು ತೆಗೆದೆ. ನೀರು ಬೆರೆಸಿ ಬಿಳಿ ಕಾಗದದ ಮುಂದೆ ಸಾಲಾಗಿ ನಿಲ್ಲಿಸಿದೆ. ಒಂದನೆಯದು ಕೆಂಪು. ಎರಡನೆಯದು ಕಂದು. ಮೂರನೆಯದು ಕಂದು. ಕಿಟಕಿಯ ಬಳಿ ಒಯ್ದು ಬೆಳಕಿಗೆ ಹಿಡಿದೆ, ತಿರುಗಿ ತಂದೆ. ಕಂದೇ. ಇಷ್ಟು ವರ್ಷಗಳಲ್ಲಿ ಮೊದಲ ಸಲ.

ಡಾಕ್ಟರು ಬಂದು ನೋಡಿದಳು. ಇನ್ನೂ ಎರಡು ದಿನ ಕೂಸನ್ನು ಇಲ್ಲೇ ಇಟ್ಟುಕೊಂಡು ನೋಡೋಣ, ಕೊಡಬಾರದ ಔಷಧಿಗಳ ಚೀಟಿ ಬರೆದುಕೊಡುತ್ತೇನೆ, ಗುಳಿಗೆ ಮನೆಯಲ್ಲೇ ಇರಬಾರದು ಎಂದಳು. ಅಷ್ಟು ಮಾಡಿದರೆ ಹುಡುಗ ಎಲ್ಲರ ಹಾಗೆ ಬೆಳೆಯುತ್ತಾನೆ. ಅಷ್ಟೇ ಸಾಕಿತ್ತು. ಎರಡು ವರ್ಷದ ಹಿಂದೆಯೂ ಅಷ್ಟೇ ಸಾಕಿತ್ತು. ನೀವು ಹೇಳುತ್ತೀರೋ ನಾನು ಹೇಳಲೋ ಎಂದು ಅವಳು ಕೇಳಿದಾಗ ನಾನೇ ಹೇಳುತ್ತೇನೆ ಎಂದೆ.

ಅಜ್ಜಿಯನ್ನು ವಾರ್ಡಿನೊಳಗೆ ಕರೆದೆ. ಮಗಳು ಹಾಸಿಗೆಯಲ್ಲಿ ಕೂಸಿಗೆ ಹಾಲು ಕೊಡುತ್ತಿದ್ದಳು. ಸ್ಟೂಲು ಎಳೆದು ಕೂತು, ರಕ್ತದ ವಿಷಯ, ಗುಳಿಗೆಯ ವಿಷಯ ಎಲ್ಲ ಹೇಳಿದೆ. ಮಗಳಿಗೆ ಬೇಗ ಅರ್ಥವಾಯಿತು.

"ಹಂಗಾರೆ ಇದು ನನ್ನಿಂದ ಬಂದದ್ದಾ?"

"ನಿನ್ನಿಂದ ಬಂದದ್ದು ಹೌದು ತಂಗಿ. ನಿನ್ನ ತಪ್ಪಲ್ಲ. ಮೂಗು ಕಣ್ಣು ಬಂದ ಹಾಗೆ ಬತ್ತದೆ."

ಅಜ್ಜಿ ಸೊಂಟದ ಚೀಲದಿಂದ ನಾಲ್ಕಾಗಿ ಮಡಿಸಿದ ಒಂದು ಕಾಗದ ತೆಗೆದಳು. ಅದಕ್ಕೂ ಡಾಂಬರು ಗುಳಿಗೆಯ ವಾಸನೆ. ಬಿಚ್ಚಿ ನೋಡಿದರೆ ನನ್ನದೇ ರಿಪೋರ್ಟು. ದೋಷ ಇಲ್ಲ, ಕೆಳಗೆ ನನ್ನ ಸಹಿ. ಮೊದಲ ಕೂಸು ಹೋದ ಮೇಲೆ ಗಂಡನ ಮನೆಯವರು, ನಿಮ್ಮ ಹುಡುಗಿಯ ರಕ್ತವೇ ಸಮ ಇಲ್ಲ ಎಂದು ಆಡಿಕೊಂಡರಂತೆ. ಓದಲು ಬಾರದ ಅಜ್ಜಿ ಈ ಕಾಗದವನ್ನು ಅವರ ಅಂಗಳಕ್ಕೆ ಒಯ್ದು, ಓದಿಸಿ, ಬಾಯಿ ಮುಚ್ಚಿಸಿ ಬಂದಿದ್ದಳು. ಅಂದಿನಿಂದ ಟ್ರಂಕಿನಲ್ಲಿ ಸೀರೆಗಳ ನಡುವೆ ಜೋಪಾನ ಮಾಡಿದ್ದಳು. ಎರಡನೆಯದಕ್ಕೆ ಏನಾದರೂ ಅಂದರೆ ತೋರಿಸಬೇಕು ಎಂದು ಇವತ್ತು ಸಂಗಡ ತಂದಿದ್ದಳು.

"ಇದು ಎಂತ ಹಂಗಾರೆ?" ಎಂದು ಕೇಳಿದಳು.

"ಅದು ತಪ್ಪು. ರಕ್ತ ಏರ್ಸಿದ ಮೇಲೆ ನೋಡಿದ್ದು. ನಾನು ಕೇಳ್ಬೇಕಿತ್ತು, ಕೇಳ್ಲಿಲ್ಲ."

"ಮೊದಲ್ನವ್ನಿಗೂ ಇದೇ ಇತ್ತಾ?"

"ಈಗ ಖಾತ್ರಿ ಹೇಳೂಕೆ ಅವನ ರಕ್ತ ಇಲ್ಲ ಅಮ್ಮ. ಇದೇ ಇರ್ಬೇಕು."

"ನನ್ನ ಸೀರೆಯಿಂದ ಹೋದ್ನಾ ಅವ?"

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಸೇತುವೆಯ ಮೇಲೆ ಬರುವಾಗಲೇ ಗೊತ್ತಿತ್ತು. ಉತ್ತರವನ್ನೂ ಕಟ್ಟಿಕೊಂಡಿದ್ದೆ. ಎದುರಿಗೆ ಕೂತಾಗ ಅದು ಬಾಯಿಗೆ ಬರಲಿಲ್ಲ. ನಿಮಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾದವರು ನಾವು, ನನ್ನ ಮನೆಯ ಕಪಾಟಿನಲ್ಲೂ ಅದೇ ಗುಳಿಗೆ ಇದೆ, ಈಗ ನೋಡಿ ಬಂದೆ ಎಂದು ಏನೇನೋ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ನಿಂತಳು.

"ನಾನು ಮೀನು ಮಾರೂದು. ಕೆಟ್ಟ ಬಂಗಡೆ ಕೊಟ್ರೆ ಮರುದಿನ ಆ ಮನೆ ಬಾಗ್ಲಲ್ಲೇ ನಿಂತ್ಕಂಡು ಬೈಸ್ಕಂಬೇಕು. ತಪ್ಪಿಸ್ಕಂಡು ಹೋಗೂಕೆ ಬೇರೆ ದಾರಿ ಇಲ್ಲ ನಂಗೆ. ನೀವು ಎರಡು ವರ್ಷ ಎಲ್ಲಿದ್ರಿ ಅಕ್ಕೋರೆ?"

ಎಲ್ಲಿದ್ದೆ? ಅವಳು ಕೂತಿದ್ದ ಬೆಂಚಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಇದ್ದೆ. ದಿನಾ ಬರುತ್ತಿದ್ದೆ, ದಿನಾ ಯಾರಿಗಾದರೂ ಬೈಯುತ್ತಿದ್ದೆ. ಎರಡೂ ರಿಜಿಸ್ಟರುಗಳು ಒಂದೇ ಕಟ್ಟಡದಲ್ಲಿದ್ದವು. ಪಕ್ಕಪಕ್ಕದಲ್ಲಿಟ್ಟು ನೋಡಲು ನನಗೆ ಆ ಗಂಟಿನ ವಾಸನೆಯೇ ಬೇಕಾಯಿತು. ಜೀವನದಲ್ಲಿ ಮೊದಲ ಸಲ ಒಬ್ಬರು ನನಗೆ ಬೈಯುವಾಗ ತಿರುಗಿ ಮಾತಾಡದೆ ಕೂತೆ. ಅವಳು ಇನ್ನೂ ಬೈದಳು. ಬರೆಯುವಂಥ ಮಾತುಗಳಲ್ಲ, ಆದರೆ ಒಂದೂ ಹೆಚ್ಚಾಯಿತು ಎನಿಸಲಿಲ್ಲ.

ಸುಸ್ತಾದ ಮೇಲೆ ಕಾಗದವನ್ನು ನನ್ನ ಮುಂದೆ ಹಿಡಿದಳು. "ಸಮ ಮಾಡಿ ಬರೀರಿ."

"ಆಯಿ, ಬೇಡ. ಅವ್ರ ಮನೆಯವ್ರು ಮತ್ತೆ ಹೇಳೂಕೆ ಶುರು ಮಾಡ್ತ್ರು" ಎಂದಳು ಮಗಳು.

"ಹೇಳ್ಲಿ. ಈ ಪೋರ ಉಳೂಕೆ ಬೇಕಾದ್ದು ಅದ್ರಲ್ಲಿ ಇರ್ಲಿ. ಮುಂದೆ ಯಾವ ಡಾಕ್ಟ್ರ ಹತ್ರ ಹೋದ್ರೂ ತೋರ್ಸೂಕೆ ಬೇಕು. ಬರೀರಿ ಅಕ್ಕೋರೆ."

'ಈ ರಕ್ತವನ್ನು ಬೇರೆಯವರ ರಕ್ತ ಏರಿಸಿದ ನಂತರ ತೆಗೆದದ್ದು. ಈ ಫಲವನ್ನು ನಂಬಬಾರದು. ತಮ್ಮನ ಪರೀಕ್ಷೆಯಲ್ಲಿ ದೋಷ ಕಂಡುಬಂದಿದೆ' ಎಂದು ಹಳೆಯ ಸಹಿಯ ಕೆಳಗೆ ಬರೆದು ಹೊಸ ಸಹಿ ಹಾಕಿದೆ. ಅದರ ಒಂದು ಝೆರಾಕ್ಸ್ ತೆಗೆದುಕೊಂಡು ಮೂಲವನ್ನು ಅವಳಿಗೆ ಕೊಟ್ಟೆ. ಲುಂಗಿಯನ್ನೂ ಕೊಟ್ಟೆ. ಅದನ್ನು ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ.

ಸೋಮವಾರ ಪಟ್ಟಿ ಕೊಡುವ ದಿನ. ಪೆನ್ಸಿಲಿನ ಗುರುತನ್ನು ಅಳಿಸಿ 'ಮುಂದುವರಿಸಬೇಕು' ಎಂಬಲ್ಲಿ ಪೆನ್ನಿನಿಂದ ಗುರುತು ಹಾಕಿದೆ. 'ಕಾರಣ' ಎಂಬ ಕಿರುಬೆರಳಿನಷ್ಟು ಜಾಗದಲ್ಲಿ 'ಜೊತೆಗಿರುವ ಕಾಗದ ನೋಡಿ' ಎಂದು ಬರೆದು, ಆ ಝೆರಾಕ್ಸನ್ನು ಪಿನ್ನು ಹೊಡೆದು ಸೇರಿಸಿದೆ. ಆಡಳಿತಾಧಿಕಾರಿ ಅದನ್ನು ಎರಡು ಸಲ ಓದಿದರು.

"ಮೇಡಂ, ಇದನ್ನ ಹಚ್ಚೂದು ಬ್ಯಾಡ್ರಿ. ನಿಮಗ ತೊಂದ್ರಿ ಆಗ್ತದ. ಈಗ ಒಂದು ಸಿಕ್ಕೇತಲ್ರೀ, ಅಷ್ಟ ಬರದ್ರ ಸಾಕು, ಪರೀಕ್ಷಾ ಇಡೂಣು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ನನ್ನ ತಲೆ ಕೆಟ್ಟುಹೋಯಿತು. "ಒಂದು ಸಿಕ್ಕಿದೆ ಅಂತ ಇಡ್ತ್ರಾ? ಸಿಕ್ಕಿದ್ದು ಎರಡನೇದು ಸರ್. ಮೊದಲ್ನದು ನನ್ನ ಕೈಲೇ ತಪ್ಪಿ ಹೋಯ್ತು. ಅದನ್ನ ಬರೀದಿದ್ರೆ ಮುಂದಿನ ವರ್ಷ ಮತ್ತೆ ಯಾರೋ ಲೆಕ್ಕ ತೆಗೆದು, ಎಲ್ಲಾ ನಾರ್ಮಲ್ ಅಂತ ಹೇಳ್ತ್ರು. ಹಚ್ಚಿ ಅದನ್ನ" ಎಂದೆ. ಕಾಗದವನ್ನು ಹಾಗೇ ಇಟ್ಟು ಮೇಲೆ ಕಳಿಸಿದರು. ಮೇಲಿನವರು ನನ್ನನ್ನು ಕರೆಸಿ ವಿವರಣೆ ಕೇಳಿದರು, ಬರೆದುಕೊಟ್ಟೆ. ಪರೀಕ್ಷೆ ಉಳಿಯಿತು. ಫಾರ್ಮಿನಲ್ಲಿ ಅದರ ಹೆಸರು ಮತ್ತೆ ಬಂತು, ಅದರ ಕೆಳಗೆ 'ರಕ್ತ ಕೊಟ್ಟಿದ್ದರೆ ಯಾವಾಗ? ಔಷಧಿ ಶುರುವಾಗಿದೆಯೇ?' ಎಂಬ ಸಾಲು ಸೇರಿತು. ಈಗಲೂ ಡಾಕ್ಟರುಗಳು ಅದನ್ನು ಖಾಲಿ ಬಿಟ್ಟು ಕಳಿಸುತ್ತಾರೆ. ನಾನು ಫೋನು ಮಾಡಿ ಬೈಯುತ್ತೇನೆ. ಆ ಸಿಟ್ಟಿಗೆ ಈಗ ಒಂದು ಉಪಯೋಗ ಸಿಕ್ಕಿದೆ.

ಎರಡು ತಿಂಗಳ ಮೇಲೆ ಅಜ್ಜಿ ಲ್ಯಾಬಿನ ಬಾಗಿಲಿಗೆ ಬಂದಳು. ಮಗಳೂ ಕೂಸೂ ಕೆಳಗೆ ಚುಚ್ಚುಮದ್ದಿನ ಸಾಲಿನಲ್ಲಿ ಇದ್ದರು. ಕೂಸು ಹಳದಿಯಾಗಿರಲಿಲ್ಲ, ಚೆನ್ನಾಗಿ ತುಂಬಿಕೊಂಡಿತ್ತು. ನನ್ನ ಗಂಡನ ಲುಂಗಿಯನ್ನು ತೊಳೆದು ಮಡಿಸಿ ತಂದಿದ್ದಳು. ಬೇಡ, ಅದನ್ನು ಕೂಸಿಗೇ ಕೊಟ್ಟದ್ದು ಎಂದರೆ ಕೇಳಲಿಲ್ಲ. ಮೇಜಿನ ಮೇಲಿಟ್ಟು, ನಗದೆ, "ಗೋಳಿ ಹಾಕಿ ಇಡ್ಲಿಲ್ಲ. ಮೂಸಿ ನೋಡಿ" ಎಂದಳು.

ಬಟ್ಟೆ ಒಪ್ಪಿಸಲು ಬಂದವಳ ಮಾತಾಗಿರಲಿಲ್ಲ ಅದು. ನಾನು ಮೂಸುವ ತನಕ ಅವಳು ಅಲ್ಲಿಂದ ಕದಲುವವಳಲ್ಲ. ಕೆಲಸ ಮಾಡುತ್ತಿದ್ದ ಹುಡುಗಿಯರೆಲ್ಲ ನೋಡುತ್ತಿದ್ದಂತೆ ಲುಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಹಿಡಿದೆ. ಬಾರ್ ಸೋಪಿನ ವಾಸನೆ, ಕೂಸಿನ ಹಾಲಿನ ವಾಸನೆ, ಮತ್ತೆ ಸ್ವಲ್ಪ ಮೀನಿನ ವಾಸನೆ. "ಸಮ ಇದೆ" ಎಂದೆ. ಅವಳು ತಲೆಯಾಡಿಸಿ ಮೆಟ್ಟಿಲು ಇಳಿದು ಹೋದಳು.